ಮಸಿಯ ಮೇಲಿನ ನೊರೆ

ಜನವರಿ ಹದಿಮೂರು, ಮಂಗಳವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಮಲಾಪುರ ಪೊಲೀಸ್ ಠಾಣೆಗೆ ಒಂದೇ ಬೆಂಕಿಯ ಬಗ್ಗೆ ಇಬ್ಬರು ದೂರು ತಂದರು. ಒಬ್ಬರು ಬಂದವರೇ ಕುರ್ಚಿ ಎಳೆದುಕೊಂಡು ಕುಳಿತರು. ಇನ್ನೊಬ್ಬರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು.

ಕುಳಿತವರು ಊರಾಚೆಯ ಸ್ಪಿರಿಟ್ ಕಾರ್ಖಾನೆಯ ಮ್ಯಾನೇಜರ್ ಅರುಣಕುಮಾರ. ಅವರ ದೂರು ಟೈಪ್ ಆಗಿತ್ತು, ಕೆಳಗೆ ಕಾರ್ಖಾನೆಯ ಮೊಹರೂ ಬಿದ್ದಿತ್ತು. ಕಾರ್ಖಾನೆಯ ಕೊಳೆ ನೀರಿನಿಂದ ಹುಟ್ಟುವ ಗ್ಯಾಸನ್ನು ಎತ್ತರದ ಕೊಳವೆಯ ತುದಿಯಲ್ಲಿ ಸುಡುತ್ತಾರೆ. ಕಾರ್ಖಾನೆಯವರು ಅದಕ್ಕೆ ಫ್ಲೇರ್ ಎನ್ನುತ್ತಾರೆ, ಸುತ್ತಲಿನ ಹೊಲದವರು ಬೆಂಕಿ ಚಿಮಣಿ ಎನ್ನುತ್ತಾರೆ. ಅದು ಗ್ಯಾಸನ್ನು ಪೂರ್ತಿ ಸುಡುತ್ತದೆಯೋ, ಅರ್ಧ ಸುಟ್ಟು ಉಳಿದ ವಿಷವನ್ನು ಗಾಳಿಗೆ ಬಿಡುತ್ತದೆಯೋ ಎಂದು ಪರೀಕ್ಷಿಸಲು ಹೊರಗಿನ ತಂಡವೊಂದು ಬಂದಿತ್ತು. ಪರೀಕ್ಷೆ ನಡೆದಿರುವಾಗ ಸೂಗಪ್ಪನ ಹೆಂಡತಿ ಶಂಕ್ರಮ್ಮ ಎಂಬಾಕೆ ಬೇಲಿಯ ಪಕ್ಕ ಅನುಮತಿಯಿಲ್ಲದೆ ಬೆಂಕಿ ಹಾಕಿದಳು, ಅದರಿಂದ ಗ್ಯಾಸಿಗೆ ಬೆಂಕಿ ಹತ್ತಿ ತಂಡದ ಉಪಕರಣಗಳು ಸುಟ್ಟವು, ಆಕೆಯ ಮೇಲೆ ಕ್ರಮ ಜರುಗಿಸಬೇಕು. ಇದು ದೂರಿನ ಸಾರ.

ಇನ್ಸ್‌ಪೆಕ್ಟರ್ ಸಾವಿತ್ರಿಬಾಯಿ ನಿಂತೇ ಓದಿದರು. ಅವರು ಕುಳಿತು ಕೆಲಸ ಮಾಡಿದ್ದನ್ನು ಠಾಣೆಯಲ್ಲಿ ಯಾರೂ ಅಷ್ಟಾಗಿ ನೋಡಿಲ್ಲ. ಅವರ ಕುರ್ಚಿಯಲ್ಲಿ ಫೈಲುಗಳೇ ಕೂತಿರುತ್ತಿದ್ದವು.

"ಬೆಂಕಿ ಎಷ್ಟಕ್ಕ ಹತ್ತಿತು?"

"ಎಂಟೂವರಿ ಸುಮಾರು, ಮೇಡಂ."

"ಆ ಹೆಣ್ಮಗಳು ಎಲ್ಲಿ ಅದಾಳ?"

"ಕಲಬುರಗಿ ದವಾಖಾನ್ಯಾಗ. ಕೈ, ಮುಖ ಸುಟ್ಟಾವಂತ."

"ಆಕಿಗಿ ಪಟ್ಟಿ ಕಟ್ಟೂದ್ರಾಗ ನೀವು ಟೈಪ್ ಮಾಡಿಸಿ ತಂದೀರಿ."

ಅರುಣಕುಮಾರ ಕನ್ನಡಕ ಒರೆಸಿಕೊಂಡರು.

"ಕೆಂಡ ಆಕಿ ಹಾಕಿದಳು, ಸರಿ. ಗ್ಯಾಸ್ ಅಲ್ಲಿಗಿ ಹ್ಯಾಂಗ ಬಂತು?"

"ಅದು ಟೆಕ್ನಿಕಲ್ ವಿಷಯ, ಮೇಡಂ."

"ಟೆಕ್ನಿಕಲ್ ಅಂತ ಒಂದು ಕಲಂ ಇದ್ರ ಹೇಳ್ರಿ, ಸಾಹೇಬ್ರ. ಅದನ್ನೂ ಹಾಕಿಬಿಡ್ತೀವಿ," ಎಂದರು ಹೆಡ್ ಕಾನ್‌ಸ್ಟೇಬಲ್ ಜಹೀರುದ್ದೀನ್, ಪೆನ್ನಿನ ಮುಚ್ಚಳ ತೆಗೆಯುತ್ತ.

ಹೊರಗೆ ನಿಂತವನು ಸೂಗಪ್ಪ. ಅಂಗಿಯ ತೋಳಿಗೆ ಬೂದಿ ಮೆತ್ತಿತ್ತು. ಹೆಂಡತಿಯ ಜೊತೆ ತನ್ನ ತಂಗಿಯನ್ನು ಆಂಬುಲೆನ್ಸಿನಲ್ಲಿ ಕಳಿಸಿ ಅವನು ಇತ್ತ ಬಂದಿದ್ದ.

"ನಮ್ಮ ಹೊಲದಾಗ ನಾವು ಸೀತನಿ ಸುಟ್ಟೀವ್ರಿ, ಮೇಡಮ್ಮಾರ. ಜ್ವಾಳದ ಎಳಿ ತೆನಿ ಸುಡಲಿಕ್ಕ ಪರ್ಮಿಷನ್ ಬೇಕಂತ ಈಗ ಗೊತ್ತಾಯ್ತು."

ಕಾನೂನಿನ ಪ್ರಕಾರ ಮೊದಲು ಬಂದ ಲಿಖಿತ ದೂರಿನ ಮೇಲೆ ಎಫ್‌ಐಆರ್ ಆಯಿತು. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ, ಜೀವಕ್ಕೆ ಅಪಾಯ. ಆರೋಪಿ, ಶಂಕ್ರಮ್ಮ. ಜಹೀರುದ್ದೀನ್ ಆ ಹೆಸರು ಬರೆಯುವಾಗ ಸೂಗಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡುತ್ತಿದ್ದ.

"ಸುಟ್ಟಾಕಿ ಹೆಸರೇ ಬರದ್ರೇನ್ರಿ?"

ಸಾವಿತ್ರಿಬಾಯಿ ಟೋಪಿ ಎತ್ತಿಕೊಂಡು ಜೀಪಿನ ಕಡೆ ನಡೆದರು.

ಸ್ಥಳ ಪಂಚನಾಮೆ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಯಿತು. ಬೇಲಿಯ ಆಚೆ ಕಾರ್ಖಾನೆ, ಈಚೆ ಸೂಗಪ್ಪನ ಜೋಳದ ಹೊಲ. ಬೇಲಿಗೆ ಹತ್ತಿದಂತೆ ಹೊಲದಲ್ಲೊಂದು ತಗ್ಗು, ತಗ್ಗಿನಲ್ಲಿ ಕೆಂಡದ ಕುಣಿ. ಸುತ್ತ ಅರ್ಧ ಸುಟ್ಟ ತೆನೆಗಳು, ಮಗುಚಿ ಬಿದ್ದ ಮೊಸರಿನ ಗಡಿಗೆ, ಶೇಂಗಾ ಹಿಂಡಿಯ ಡಬ್ಬಿ. ಬೇಲಿಯಲ್ಲಿ ಒಬ್ಬ ಮನುಷ್ಯ ಬಾಗಿ ದಾಟುವಷ್ಟು ಕಿಂಡಿ ಇತ್ತು. ಕಾರ್ಖಾನೆಯ ಕೆಲಸಗಾರರು ಶಂಕ್ರಮ್ಮನ ಗುಡಿಸಲಿಗೆ ಮಜ್ಜಿಗೆಗೆ ಬರುವ ದಾರಿ ಅದು.

ಗಾಳಿ ಆಗಾಗ ದಿಕ್ಕು ಬದಲಿಸುತ್ತಿತ್ತು. ಬದಲಿಸಿದಾಗೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಬಂದು ಹೋಗುತ್ತಿತ್ತು. ಪಂಚರಿಬ್ಬರು ಮೂಗಿಗೆ ಟವೆಲ್ ಹಿಡಿದು ನಿಂತರು.

"ಇಲ್ಲೇ ಯಾಕ ಕುಣಿ ತಗದ್ರಿ?" ಸಾವಿತ್ರಿಬಾಯಿ ಕೇಳಿದರು.

"ತಗ್ಗಿನ್ಯಾಗ ಗಾಳಿ ಹಾಯಂಗಿಲ್ರಿ, ಕುಳ್ಳಿನ ಕೆಂಡ ನಿಲ್ತದ," ಎಂದ ಸೂಗಪ್ಪ. "ನಮ್ಮಪ್ಪನ ಕಾಲದಿಂದ ಕುಣಿ ಇಲ್ಲೇ. ಖರೇ ಹೇಳಬೇಕಂದ್ರ ಬುಧವಾರ ಸುಡಬೇಕಂತ ಮಾಡಿದ್ವಿ. ಈ ಶೀಲಾ ಮೇಡಮ್ಮಾರು ಸೀತನಿ ಕಂಡೇ ಇಲ್ಲ ಅಂದ್ರು, ಬುಧವಾರ ಹೊಂಟೀವಿ ಅಂದ್ರು. ಬಂದವ್ರು ತಿನ್ನದ ಹೋಗೂದ್ಯಾಂಗ ಅಂತ ಇವತ್ತೇ ಸುಟ್ವಿ. ನಾ ಇನ್ನೊಂದು ಹೊರಿ ತೆನಿ ತರಾಕ ಹೋಗಿದ್ದೆ. ಓಡಿ ಬರೂದ್ರಾಗ ಯಾರೋ ಆಕಿಗಿ ಬೆಂಕಿಯಿಂದ ಹೊರಗ ಎಳದು ಹೋಗಿದ್ರು."

ಪರೀಕ್ಷಾ ತಂಡದ ಇಂಜಿನಿಯರ್ ಶೀಲಾ ತುಮಕೂರಿನ ಕಡೆಯವರು. ಬೆಳಿಗ್ಗೆಯಿಂದ ಒಂದೇ ನೀರಿನ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಕುಡಿದಿರಲಿಲ್ಲ.

"ನನ್ನಿಂದಲೇ ಆಯ್ತು ಅನ್ಸುತ್ತೆ ಮೇಡಂ. ತಿನ್ನಬೇಕು ಅಂದಿದ್ದು ನಾನೇ."

"ತಿನ್ನಬೇಕಂದ್ರ ಸ್ಫೋಟ ಆಗಂಗಿಲ್ಲ. ಏನು ನೋಡಿದ್ರಿ, ಅದು ಹೇಳ್ರಿ."

"ಕಣ್ಣಿಗೆ ಕಾಣದ ಗ್ಯಾಸು ಕಾಣೋ ಕ್ಯಾಮೆರಾ ಇದೆ ನಮ್ಮ ಹತ್ರ. ಅದು ಸುಟ್ಟಿಲ್ಲ, ಕೇಬಲ್ ಸುಟ್ಟಿದೆ ಅಷ್ಟೇ. ಅದನ್ನ ಚಿಮಣಿ ತುದಿಗೆ ತಿರುಗಿಸಿ, ನಾವು ದೂರದ ವ್ಯಾನಲ್ಲಿ ಪರದೆ ನೋಡ್ತಿದ್ವಿ. ಬೆಂಕಿಗೆ ಸ್ವಲ್ಪ ಮುಂಚೆ ಮೇಲಿನ ಜ್ವಾಲೆ ಆರಿಹೋಯ್ತು. ಗ್ಯಾಸ್ ಸುಡದೆ ಹಾಗೇ ಹೊರಗೆ ಬರ್ತಿತ್ತು."

"ಯಾಕ ಆರಿತು?"

"ಪೈಲಟ್ ಆರಿತ್ತು. ತುದೀಲಿ ಸದಾ ಉರಿಯೋ ಚಿಕ್ಕ ಬೆಂಕಿ, ದೊಡ್ಡದನ್ನ ಹಿಡಿದಿಡೋದು ಅದೇ. ಅದಕ್ಕೆ ಸಿಲಿಂಡರ್ ಗ್ಯಾಸ್ ಹೋಗುತ್ತೆ. ಅದರ ವಾಲ್ವನ್ನ ತೆರೆದಿಟ್ಟು ನಾವೇ ಸೀಲ್ ಮಾಡಿದ್ವಿ. ಸೀಲ್ ಹಾಗೇ ಇದೆ ನೋಡಿ."

"ಆ ಗ್ಯಾಸ್ ತಗ್ಗಿಗಿ ಬರ್ತದೇನು?"

"ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಬೆಳಗಿನ ಥಂಡಿಯಲ್ಲಿ ನೀರಿನ ಥರ ತಗ್ಗಿಗೆ ಹರಿಯುತ್ತೆ."

ಜಹೀರುದ್ದೀನ್ ಆಗಲೇ ನೆಲ ನೋಡಿಕೊಂಡು ನಡೆಯುತ್ತಿದ್ದರು. ಸುಟ್ಟ ಹುಲ್ಲಿನ ಪಟ್ಟೆಯೊಂದು ಕುಣಿಯಿಂದ ಹೊರಟು, ಬೇಲಿಯ ಕೆಳಗೆ ನುಸುಳಿ, ಚಿಮಣಿಯ ಬುಡದ ತನಕ ಹೋಗಿತ್ತು. ಅಲ್ಲಿ ಸೀಲ್ ಮಾಡಿದ ವಾಲ್ವಿನಿಂದ ಮುಂದಕ್ಕೆ, ಸಣ್ಣ ಕೊಳವೆಯಲ್ಲಿ ಒಂದು ಜೋಡಣೆ. ಕೊಳವೆ ಪೂರ್ತಿ ಮಸಿ ಹಿಡಿದಿತ್ತು. ಜೋಡಣೆಯ ಮೇಲೆ ಮಾತ್ರ ಬೆಳ್ಳಗೆ ಏನೋ ಒಣಗಿ ಹಕ್ಕಳೆಗಟ್ಟಿತ್ತು.

ಸಾವಿತ್ರಿಬಾಯಿ ಅವತ್ತು ಮೊದಲ ಸಲ ಕುಳಿತದ್ದು ಅಲ್ಲಿ, ಕುಕ್ಕರಗಾಲಿನಲ್ಲಿ.

"ಇದೇನು, ಜಹೀರಣ್ಣ?"

ಜಹೀರುದ್ದೀನ್ ಮೂಗು ಹತ್ತಿರ ಒಯ್ದರು. "ಸಾಬೂನ್ರಿ. ಅರಿವಿ ಒಗಿಯೂದು."

"ಕೂದಲ ಸಿಕ್ಕೊಂಡದ ನೋಡ್ರಿ."

"ಕೂದಲ ಅಲ್ರಿ. ಬ್ರಶ್ಶಿನ ಎಳಿ."

ಅವರು ಅದನ್ನು ಚಿಮಟದಿಂದ ತೆಗೆದು ಕಾಗದದಲ್ಲಿ ಮಡಿಸಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ಪ್ರತ್ಯೇಕ ಇಟ್ಟರು. ಸಾವಿತ್ರಿಬಾಯಿ ಜೋಡಣೆಯನ್ನೇ ನೋಡುತ್ತಿದ್ದರು. ನಟ್ಟು ಬಿಗಿಯುವ ಪಾನ ಹಿಡಿದು ತಿರುಗಿಸಿದ ಕಡೆ ಮಸಿ ಕೆತ್ತಿ ಲೋಹ ಹೊಳೆಯುತ್ತಿತ್ತು. ಸಾಬೂನು ಮಸಿಯ ಮೇಲಿತ್ತು, ಕೆಳಗಲ್ಲ.

"ಬರಕೊಳ್ರಿ. ಬೆಂಕಿ ಹತ್ತಿ ಮಸಿ ಕುಂತ ಮ್ಯಾಲ ಯಾರೋ ಇದನ್ನು ಬಿಗಿ ಮಾಡ್ಯಾರ. ಬಿಗಿ ಮಾಡಿದ ಮ್ಯಾಲ, ಇನ್ನೂ ಸೋರ್ತದೇನು ಅಂತ ಸಾಬೂನಿನ ನೊರಿ ಹಚ್ಚಿ ನೋಡ್ಯಾರ." ಅವರು ಎದ್ದರು. "ಅಂದ್ರ ಬೆಂಕಿಗಿ ಮೊದಲು ಇದು ಬಿಚ್ಚಿತ್ತು. ಬಿಚ್ಚಿದ್ದು ಗೊತ್ತಿದ್ದವನೇ ಓಡಿ ಬಂದು ಮುಚ್ಯಾನ."

ಅರುಣಕುಮಾರ ನಾಲ್ಕು ಹೆಜ್ಜೆ ದೂರ ನಿಂತಿದ್ದರು.

"ನಿಮ್ಮವ್ರು ಸೋರಿಕಿ ಹ್ಯಾಂಗ ನೋಡ್ತಾರ?"

"ಸ್ಪ್ರೇ ಬಾಟಲಿ ಅದ ಮೇಡಂ, ಕಂಪನಿಯದು. ಒಣಗಿದ್ರ ಕಲೀನೂ ಉಳಿಯಂಗಿಲ್ಲ. ಸಾಬೂನು ಯಾರೂ ಬಳಸಂಗಿಲ್ಲ."

"ಎಂಟೂವರಿಗಿ ಇಲ್ಲಿ ಯಾರಿದ್ರು?"

"ನಮ್ಮವ್ರು ಯಾರೂ ಇಲ್ಲ. ರಾತ್ರಿ ಪಾಳಿಯವ ಮುಗಿಸಿ ಹೋಗಿದ್ದ, ಹಗಲಿನವ ಆಫೀಸಿನ್ಯಾಗ ನನ್ನ ಮುಂದೇ ಇದ್ದ."

"ಈ ಚಿಮಣಿ ರಾತ್ರಿನೂ ಉರೀತದೇನು?"

"ಯಾವಾಗಲೂ ಉರೀತದ."

"ಈ ಪರೀಕ್ಷೆದವ್ರು ಬಂದಾಗಿಂದ ಉರಿಯಾಕತ್ತದ್ರಿ," ಎಂದ ಸೂಗಪ್ಪ ಬೇಲಿಯಾಚೆಯಿಂದ. "ಅದಕ್ ಮೊದಲ ದಿನಾ ಸಂಜಿಗಿ ಆರಸ್ತಿದ್ರು. ಸಿಲಿಂಡರ್ ಉಳೀತಾವಂತ. ರಾತ್ರಿಯೆಲ್ಲ ಆ ಹೊಲಸು ವಾಸನಿ ನಮ್ಮ ಗುಡಿಸಲಕ್ಕ. ಆಕಿ ಕಣ್ಣು ಉರೀತಾವಂತ ಹಸಿ ಅರಿವಿ ಕಟಗೊಂಡು ಮಲಗ್ತಿದ್ಳು."

"ಸುಳ್ಳು," ಎಂದರು ಅರುಣಕುಮಾರ.

ಸಾವಿತ್ರಿಬಾಯಿ ಶೀಲಾರತ್ತ ತಿರುಗಿದರು. "ನೀವು ಬುಧವಾರ ಹೋಗಬ್ಯಾಡ್ರಿ."

ಸಂಜೆ ನಾಲ್ಕಕ್ಕೆ ಸಾವಿತ್ರಿಬಾಯಿ ಮತ್ತು ಜಹೀರುದ್ದೀನ್ ಕಲಬುರಗಿಯ ದವಾಖಾನೆ ತಲುಪಿದರು. ಸುಟ್ಟ ಗಾಯದ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೈಗಳನ್ನು ಶಾಲಿನೊಳಗೆ ಸುತ್ತಿಕೊಂಡು ಕುಳಿತಿದ್ದವನೊಬ್ಬ, ಖಾಕಿ ಕಂಡು ಕಾಲು ಹಿಂದಕ್ಕೆಳೆದು ದಾರಿ ಬಿಟ್ಟ.

ಶಂಕ್ರಮ್ಮನ ಎರಡೂ ಕೈಗೆ, ಕಣ್ಣಿಗೆ ಪಟ್ಟಿ ಕಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ, ಕಣ್ಣಿನದು ಪಟ್ಟಿ ಬಿಚ್ಚಿದ ಮೇಲೇ ಹೇಳಬೇಕು ಎಂದಿದ್ದರು ಡಾಕ್ಟರು.

"ಯಾರು? ಪೊಲೀಸ್ರೇನು?" ಬೂಟಿನ ಸಪ್ಪಳಕ್ಕೆ ಆಕೆ ತಲೆ ಹೊರಳಿಸಿದಳು. "ನನ್ನ ಮ್ಯಾಲ ಕೇಸ್ ಆಗ್ಯಾದಂತಲ್ರಿ."

"ಆಗ್ಯಾದ. ಅದಕ್ಕೇ ಬಂದೀನಿ. ಕೇಳಿದ್ದಕ್ಕ ಖರೇ ಹೇಳವ್ವಾ. ಬೆಂಕಿಯಿಂದ ನಿನಗ ಎಳದವ್ರು ಯಾರು?"

"ಕಾಣಲಿಲ್ರಿ. ಹೊಗಿ ಇತ್ತು."

"ಗಂಡಸೋ, ಹೆಂಗಸೋ?"

"ಮನಷಾ ಇದ್ದ."

"ದನ ಎಳದಿಲ್ಲ ಅಂತ ನಮಗೂ ಗೊತ್ತದ," ಎಂದರು ಜಹೀರುದ್ದೀನ್. ಶಂಕ್ರಮ್ಮನ ತುಟಿ ಸ್ವಲ್ಪ ಅಲುಗಿತು, ನೋವಿಗೆ ಮತ್ತೆ ಬಿಗಿಯಾಯಿತು.

"ಲಗೂನೇ ಬಂದನೇನು?"

"ನಾ ಬಾಳ ಒದರೀನ್ರಿ," ಎಂದಳು ಆಕೆ. "ಸೆರಗಿಗಿ ಹತ್ತಿತ್ತು. ಒದರಿದೆ, ಒದರಿದೆ. ಆಮ್ಯಾಲ ಬಂದ. ಶಾಲು ಸುತ್ತಿ ನೆಲಕ್ಕ ಉಳ್ಳಾಡಿಸಿದ. ಕೈ ತೊಯ್ದಿದ್ವು ಅವನವು. ನೊರಿ ಇತ್ತು ಕೈಗಿ."

ಹೇಳಿದ್ದನ್ನು ತಾನೇ ಕೇಳಿಸಿಕೊಂಡವಳಂತೆ ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಮುಂದೆ ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಸಾವಿತ್ರಿಬಾಯಿ ಠಾಣೆಯ ಅಂಗಳದಲ್ಲಿ ಆ ಕಡೆಯಿಂದ ಈ ಕಡೆ ನಡೆಯುತ್ತಿದ್ದರು. ಅರುಣಕುಮಾರ ಎರಡು ಸಲ ಫೋನ್ ಮಾಡಿ, ಆರೋಪಿಯ ಹೇಳಿಕೆ ಆಯಿತೇ ಎಂದು ಕೇಳಿದ್ದರು.

"ಬ್ರಶ್ಶು, ಸಾಬೂನು. ಈ ರೀತಿ ಯಾರು ಮಾಡ್ತಾರ, ಜಹೀರಣ್ಣ?"

"ನಿನ್ನಿಂದ ಅದನ್ನೇ ಯೋಚನಿ ಮಾಡಾಕತ್ತೀನ್ರಿ. ಜಗತ್ ಕಡಿ ಗ್ಯಾಸ್ ಒಲಿ ರಿಪೇರಿ ಮಾಡವ್ರು ದಾಡಿ ಬ್ರಶ್ ಇಟಗೋತಾರ. ನಮ್ಮನಿ ಒಲಿ ಒಯ್ದಾಗ ನೋಡೀನಿ."

ಕಲಬುರಗಿಯ ಜಗತ್ ಸರ್ಕಲ್ಲಿನ ಗದ್ದಲದಿಂದ ಒಳಗೆ, ಗಲ್ಲಿಯಲ್ಲಿ, ಗುಫ್ರಾನ್ ಎಂಬ ಮುದುಕರ ಅಂಗಡಿ. ಒಲೆಗಳ ನಡುವೆ ಅವರು ಒಬ್ಬರೇ ಹಿಡಿಸುವಷ್ಟು ಜಾಗ. ಮುಂದೆ ಸಾಬೂನು ಬಿಲ್ಲೆ ನೆನೆಸಿದ ಬಟ್ಟಲು, ಅದರಲ್ಲಿ ದಾಡಿ ಬ್ರಶ್ಶು.

"ಚಾಚಾ, ನೊರಿ ಹಚ್ಚಿ ನೋಡೂದು ನಿಮ್ಮ ಕಡಿಂದಾನೇ ಕಲ್ತಿದ್ದೇನು ಈ ಊರು?" ಎಂದು ಕೇಳಿದರು ಜಹೀರುದ್ದೀನ್.

"ಎಲ್ಲಾರೂ ಹಚ್ಚತಾರ ಬೇಟಾ. ಸ್ಪಾಂಜ್ ಹಚ್ಚತಾರ, ಬೊಟ್ಟು ಹಚ್ಚತಾರ. ಬ್ರಶ್ ನಮ್ಮಲ್ಲಿ. ಬಿಗಿ ಮಾಡಿ ನೊರಿ ಹಚ್ಚದ ಎದ್ದವ್ರಿಗಿ ನಾ ಪಾನದಿಂದ ಹೊಡೀತಿದ್ದೆ. ಹೊಡತಕ್ಕ ಕೈ ಕಲೀತದ, ತಲಿ ಮರತ್ರೂ ಕೈ ಮರಿಯಂಗಿಲ್ಲ."

"ನಿಮ್ಮಲ್ಲಿ ಕಲ್ತವ್ರು ಯಾರರ ಕಮಲಾಪುರ ಕಾರ್ಖಾನಿಗಿ ಹೋಗ್ಯಾರೇನು?"

"ಬುರ್ಹಾನುದ್ದೀನ್ ಹೋಗ್ಯಾನ. ಗಾಜಿಪುರದಾಂವ. ರಾತ್ರಿ ಪಾಳಿ ಅಂತಿದ್ದ." ಮುದುಕರು ಬಟ್ಟಲು ಕೆಳಗಿಟ್ಟರು. "ಯಾಕ? ಏನ್ ಮಾಡ್ಯಾನ?"

"ನೀವು ಕಲಿಸಿದ್ದು ಮಾಡ್ಯಾನ," ಎಂದರು ಸಾವಿತ್ರಿಬಾಯಿ.

ಗಾಜಿಪುರದ ಮನೆಯಲ್ಲಿ ಅವನಿರಲಿಲ್ಲ. ಬಾಗಿಲಿಗೆ ಬಂದದ್ದು ಹೆಂಡತಿ ರೋಷನಬಿ. ಜಹೀರುದ್ದೀನ್ ಟೋಪಿ ತೆಗೆದು ದಖನಿ ಉರ್ದುವಿನಲ್ಲಿ ಎರಡು ಮಾತಾಡಿದರು. ಆಕೆ ಕನ್ನಡದಲ್ಲೇ ಸಾವಿತ್ರಿಬಾಯಿಗೆ ಉತ್ತರಿಸಿದಳು.

"ನಿನ್ನಿ ಕೈ ಸುಟಗೊಂಡು ಬಂದ್ರು. ಉಗಿ ಹತ್ತಿತು ಅಂದ್ರು. ಒಂದು ತುತ್ತು ತಿನ್ನಲಿಲ್ಲ, ದವಾಖಾನಿಗಿ ಅಂತ ಹೋದವ್ರು ರಾತ್ರಿನೂ ಬರಲಿಲ್ಲ. ಪಟ್ಟಿ ಕಟ್ಟಾಕ ಇಷ್ಟೊತ್ತು ಹಿಡೀತದೇನ್ರಿ, ಬಾಯಿ?"

ಸಾವಿತ್ರಿಬಾಯಿ ಬಾಗಿಲಲ್ಲೇ ನಿಂತುಬಿಟ್ಟರು. ಬೆಂಚು, ಶಾಲಿನೊಳಗಿನ ಕೈಗಳು, ಹಿಂದಕ್ಕೆಳೆದುಕೊಂಡ ಕಾಲು.

"ಜೀಪ್ ತಿರುಗಿಸ್ರಿ."

"ಸಿಕ್ಕರ ಇದು ಕೊಡ್ರಿ," ಎಂದು ರೋಷನಬಿ ಅರಿವೆಯಲ್ಲಿ ಸುತ್ತಿದ ರೊಟ್ಟಿ ಜಹೀರುದ್ದೀನರ ಕೈಗಿಟ್ಟಳು. ಏನಾಗಿದೆ ಎಂದು ಆಕೆ ಕೇಳಲಿಲ್ಲ.

ಅವನು ಅದೇ ಬೆಂಚಿನಲ್ಲಿ, ಅದೇ ಮೂಲೆಯಲ್ಲಿದ್ದ. ಈ ಸಲ ಕಾಲು ಎಳೆದುಕೊಳ್ಳಲಿಲ್ಲ, ಎದ್ದು ನಿಂತ. ಮೂವತ್ತೈದರ ಆಸುಪಾಸಿನ ಸಣಕಲು ಆಳು. ಶಾಲು ಸರಿದಾಗ ಅಂಗೈಯ ಬೊಬ್ಬೆಗಳು ಕಂಡವು. ಅವನು ಪಟ್ಟಿಯನ್ನೂ ಕಟ್ಟಿಸಿಕೊಂಡಿರಲಿಲ್ಲ.

"ಕ್ಯಾಮೆರಾದಾಗ ಬಂತೇನ್ರಿ, ಮೇಡಮ್ಮಾರ?" ಎಂದು ಅವನೇ ಮೊದಲು ಕೇಳಿದ.

"ಪ್ರಶ್ನೆ ನಾ ಕೇಳ್ತೀನಿ. ಜಾಯಿಂಟ್ ಯಾರು ಬಿಚ್ಚಿದ್ರು?"

"ನಾನೇ."

"ಪಾಳಿ ಮುಗಿದಿತ್ತಲ್ಲ."

"ಗೇಟಿನ್ಯಾಗ ಹೊರಗ ಹೋಗಿ ಬೇಲಿ ಕಿಂಡಿಯಿಂದ ಒಳಗ ಬಂದೆ."

"ವಾಲ್ವ್ ಯಾಕ ಮುಚ್ಚಲಿಲ್ಲ?"

"ಸೀಲ್ ಮಾಡಿದ್ರಲ್ರಿ. ಮುರದ್ರ ಪರೀಕ್ಷೆನೇ ಲೆಕ್ಕಕ್ಕಿಲ್ಲ ಅಂತಿದ್ರು."

"ಗ್ಯಾಸ್ ತಗ್ಗಿಗಿ ಹರೀತದ ಅಂತ ಗೊತ್ತಿರಲಿಲ್ಲೇನು ನಿನಗ?"

"ಗೊತ್ತಿತ್ರಿ. ತಗ್ಗಿನ್ಯಾಗ ಯಾರೂ ಇರಂಗಿಲ್ಲ ಅಂತ ಮಾಡಿದ್ದೆ. ಸೀತನಿಗಿ ನನಗೂ ಕರದಿದ್ಳು ಆಕಿ. ಬುಧವಾರ ಬಾ ತಮ್ಮಾ ಅಂದಿದ್ಳು." ಅವನ ದನಿ ಇಳಿಯಿತು. "ಬುಧವಾರ ಅಂದ್ರ ಇವತ್ತು."

"ಬ್ರಶ್ ಎಲ್ಲಿ ಅದ?"

ಅವನು ಕಣ್ಣಿನಿಂದಲೇ ಅಂಗಿಯ ಜೇಬು ತೋರಿಸಿದ. ಜಹೀರುದ್ದೀನ್ ಕೈ ಹಾಕಿ ತೆಗೆದರು. ಹಿಡಿ ಮುರಿದ ದಾಡಿ ಬ್ರಶ್ಶು, ಜೊತೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸವೆದ ಸಾಬೂನು. ಅಲ್ಲಿಯೇ ಪಂಚರನ್ನು ಕರೆದು ಮುದ್ದೆಮಾಲು ಎಂದು ಜಪ್ತಿ ಮಾಡಿದರು. ಮಧ್ಯಾಹ್ನ ಮೂರೂವರೆಗೆ ಬಂಧನದ ಕಾರಣ ತಿಳಿಸಿ, ಕೈಗೆ ಮದ್ದು ಹಾಕಿಸಿ ಪಟ್ಟಿ ಕಟ್ಟಿಸಿದರು. ಕೋಳ ಹಾಕಲಿಲ್ಲ. ಹಾಕಲು ಮಣಿಕಟ್ಟಿನಲ್ಲಿ ಜಾಗವೂ ಇರಲಿಲ್ಲ.

ಹೊರಡುವ ಮೊದಲು ಸಾವಿತ್ರಿಬಾಯಿ ವಾರ್ಡಿನೊಳಗೆ ಹೋದರು.

"ಶಂಕ್ರಮ್ಮ, ಬೆಂಕಿ ನಿನ್ನ ತಪ್ಪಲ್ಲ. ನಿನ್ನ ಹೆಸರು ಆರೋಪಿ ಅಂತ ಉಳಿಯಂಗಿಲ್ಲ, ನಾ ವರದಿ ಕೊಡ್ತೀನಿ."

ಆಕೆ ಉಸಿರು ಬಿಟ್ಟಳು. ಆದರೆ ಮುಖ ಬಾಗಿಲ ಕಡೆಗೇ ಇತ್ತು. "ಅಂವ ಅಲ್ಲೇ ಕುಂತಾನೇನ್ರಿ?"

"ಗೊತ್ತಿತ್ತೇನು ನಿನಗ?"

"ಸಾಬೂನಿನ ವಾಸನಿ ಗೊತ್ತಾಗಂಗಿಲ್ಲೇನ್ರಿ? ದಿನಾ ಮಜ್ಜಿಗಿ ಕುಡ್ಯಾಕ ಬರಾಂವ. ದಿನಾ ಸಂಜಿಗಿ ಆ ಬೆಂಕಿ ಆರಸಾಂವ ಅವನೇ. ನನ್ನ ಮೈಮ್ಯಾಲಿಂದೂ ಅವನೇ ಆರಸಿದ." ಮತ್ತೆ ಕೇಳಿದಳು. "ಅವನ ಕೈ ಹ್ಯಾಂಗ ಅದಾವ?"

ಜೀಪು ಕಮಲಾಪುರದ ರಸ್ತೆ ಹಿಡಿದಾಗ ಬಿಸಿಲು ಕೆಂಪಾಗಿತ್ತು. ಜಹೀರುದ್ದೀನ್ ರೊಟ್ಟಿ ಮುರಿದು ಅವನ ಬಾಯಿಗೆ ಇಡುತ್ತಿದ್ದರು. ಎರಡು ತುತ್ತಿಗೆ ಅವನು ಸಾಕೆಂದ.

"ಯಾಕ ಮಾಡಿದಿ?" ಮುಂದಿನ ಸೀಟಿನಿಂದ ಸಾವಿತ್ರಿಬಾಯಿ ತಿರುಗದೆ ಕೇಳಿದರು.

"ಮ್ಯಾನೇಜರ್ ಸಾಹೇಬ್ರು ಬಾಯಿಮಾತಿನ್ಯಾಗ ಹೇಳಿದ್ರು, ಸಂಜಿಗಿ ಪೈಲಟ್ ಬಂದ್ ಮಾಡು ಅಂತ. ಎರಡು ವರ್ಷ ನಾನೇ ಮಾಡೀನಿ. ಬೆಳಿಗ್ಗಿ ಆಕಿ ಮಜ್ಜಿಗಿ ಕೊಡ್ತಿದ್ಳು, ಕಣ್ಣು ಕೆಂಪಗ ಇರ್ತಿದ್ವು. ನಿನ್ನಿ ರಾತ್ರಿ ಬಾಳ ವಾಸನಿ ಇತ್ತು ತಮ್ಮಾ, ನಿನಗ ತ್ರಾಸ ಆಗಲಿಲ್ಲೇನು ಅಂತ ನನಗೇ ಕೇಳ್ತಿದ್ಳು." ಅವನು ಹೊರಗೆ ನೋಡಿದ. "ಈ ಪರೀಕ್ಷೆದವ್ರು ಬಂದ್ರು. ಬಂದ ದಿನದಿಂದ ಎಲ್ಲಾ ಚಂದ ಉರೀತು. ಚಂದ ಉರೀತದ ಅಂತ ಬರಕೊಂಡು ಹೋಗ್ತಿದ್ರು. ಮಂಗಳವಾರ ಕಡೀ ದಿನ. ದಿನಾ ಆಗೂದು ಒಂದ್ಸಲ ಕ್ಯಾಮೆರಾಕ್ಕ ಕಾಣಲಿ ಅಂತ ಮಾಡಿದೆ."

"ಶೀಲಾ ಮೇಡಮ್ಮಾರಿಗಿ ಹೇಳಬಹುದಿತ್ತಲ್ಲೋ," ಎಂದರು ಜಹೀರುದ್ದೀನ್.

"ಆರಸಿದವ ಯಾರು ಅಂತ ಕೇಳ್ತಿದ್ರಲ್ರಿ, ಭಾಯಿ."

ಸ್ವಲ್ಪ ದೂರ ಹೋದ ಮೇಲೆ ಅವನೇ ಶುರು ಮಾಡಿದ.

"ಬೆಂಕಿ ಹತ್ತಿದ ಕೂಡ್ಲೇ ಜಾಯಿಂಟಿಗಿ ಓಡಿದೆ. ಅದು ಮುಚ್ಚದ ಇದ್ರ ಬೆಂಕಿ ನಿಲ್ತಿರಲಿಲ್ಲ, ಅದು ಸರಿ ಅದ. ಮುಚ್ಚಿದೆ. ಅಷ್ಟಕ್ಕ ಏಳಬೇಕಿತ್ತಲ್ರಿ ನಾ. ಆಕಿ ಒದರಾಕತ್ತಿದ್ಳು, ಕೇಳಸ್ತಿತ್ತು. ಕೈ ತಾನಾ ಬ್ರಶ್ ತಗೀತು, ಬಾಟಲಿ ನೀರು ಹಾಕಿ ನೊರಿ ಮಾಡ್ತು, ಹಚ್ತು. ಸುತ್ತಲೂ ಹಚ್ಚಿ, ಗುಳ್ಳಿ ಬರ್ತದೇನು ಅಂತ ನೋಡಿದೆ. ಬರಲಿಲ್ಲ. ಆಮ್ಯಾಲ ಎದ್ದೆ." ಪಟ್ಟಿ ಕಟ್ಟಿದ ಕೈಗಳನ್ನು ಅವನು ತೊಡೆಯ ಮೇಲೆ, ಬೇರೆ ಯಾರದೋ ಸಾಮಾನಿನಂತೆ ಇಟ್ಟುಕೊಂಡಿದ್ದ. "ಅಷ್ಟೊತ್ತು ಉರಿದಳ್ರಿ ಆಕಿ."

ಊರು ಹತ್ತಿರವಾದಂತೆ ಜೋಳದ ಹೊಲಗಳ ಮೇಲೆ ಬೆಂಕಿ ಚಿಮಣಿ ಕಂಡಿತು. ಸೂರ್ಯ ಮುಳುಗಿದ್ದ. ತುದಿಯಲ್ಲಿ ಜ್ವಾಲೆ ಗಾಳಿಗೆ ವಾಲಿ, ಎದ್ದು, ಮತ್ತೆ ವಾಲುತ್ತಿತ್ತು. ಬೇಲಿಯ ಈಚೆ ರಸ್ತೆಯಲ್ಲೇ ಶೀಲಾರ ತಂಡದ ವ್ಯಾನು ನಿಂತಿತ್ತು, ಹೊಸ ಕೇಬಲ್ ಎಳೆಯುತ್ತಿದ್ದರು. ಸಾವಿತ್ರಿಬಾಯಿ ಜೀಪು ನಿಲ್ಲಿಸಿ ಇಳಿದರು. ಸೊಂಟಕ್ಕೆ ಕೈ ಕೊಟ್ಟು ಚಿಮಣಿಯನ್ನೇ ನೋಡಿದರು.

"ನಾಳಿ ಅರುಣಕುಮಾರ ಸಾಹೇಬ್ರಿಗಿ ನೋಟಿಸ್ ಕೊಟ್ಟು ಠಾಣೆಗಿ ಕರಸ್ರಿ. ಹೇಳಿಕಿ ಬೇಕು."

"ಕುರ್ಚಿ ಇಡ್ಲೇನ್ರಿ?" ಎಂದರು ಜಹೀರುದ್ದೀನ್.

"ಬ್ಯಾಡ."

ಜೀಪಿನ ಹಿಂದಿನಿಂದ ಬುರ್ಹಾನುದ್ದೀನ್ ಕತ್ತು ಚಾಚಿ ನೋಡುತ್ತಿದ್ದ. "ಈ ಹೊತ್ತಿಗಿ ಆರಸ್ತಿದ್ದೆ," ಎಂದ.

"ಆರಸಾಂವ ನಮ್ಮ ಜೀಪಿನ್ಯಾಗ ಅದಾನಲ್ಲಪಾ," ಎಂದರು ಜಹೀರುದ್ದೀನ್. ಹೇಳಿದ ಮೇಲೆ ಅವರಿಗೇ ನಗು ಬರಲಿಲ್ಲ.

"ಈ ವ್ಯಾನಿನವ್ರು ಹೋದ ಮ್ಯಾಲ?" ಎಂದು ಕೇಳಿದ ಬುರ್ಹಾನುದ್ದೀನ್.

ಸಾವಿತ್ರಿಬಾಯಿ ರಸ್ತೆಯ ಆಚೆಗೊಮ್ಮೆ ಈಚೆಗೊಮ್ಮೆ ನಡೆದರು. ಕತ್ತಲು ಪೂರ್ತಿ ಇಳಿಯುವ ತನಕ ಅವರು ಜೀಪು ಹತ್ತಲಿಲ್ಲ. ಜ್ವಾಲೆ ಉರಿಯುತ್ತಲೇ ಇತ್ತು. ತಗ್ಗಿನಾಚೆ ಶಂಕ್ರಮ್ಮನ ಗುಡಿಸಲಿನಲ್ಲಿ ದೀಪವಿರಲಿಲ್ಲ.